ಹ್ಞೂಂ ಕಾಕಾ

ಗಾಜಿಪುರ, ಕಲಬುರಗಿ
೬ ಆಗಸ್ಟ್ ೨೦೨೪

ಅಪ್ಪಾ, ಜೈಭೀಮ್.

ಫೋನ್ ಮಾಡಿದರೆ ನಿನಗೆ ಕೇಳುವುದಿಲ್ಲ. ಮೆಸೇಜು ಹಾಕಿದರೆ ನಿನ್ನ ಆ ಸಣ್ಣ ಫೋನಿನಲ್ಲಿ ಕನ್ನಡದ ಬದಲು ಬರೀ ಚೌಕಗಳು ಬರುತ್ತವೆ. ಹಾಗಾಗಿ ಮನೆಯಲ್ಲಿ ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸುತ್ತಿದ್ದಂತೆ ಇಲ್ಲಿಂದ ಹಾಳೆಯ ಮೇಲೆ ಬರೆಯುತ್ತೇನೆ. ಲಾಲ್ ಅಹ್ಮದ್ ಮಾಮಾ ಬಾಳೆಹಣ್ಣಿನ ಟೆಂಪೊ ತೆಗೆದುಕೊಂಡು ವಾರಕ್ಕೆ ಮೂರು ಸಲ ಇಲ್ಲಿನ ಬಜಾರು ಸೂಪರ್ ಮಾರ್ಕೆಟ್‌ಗೆ ಬರುತ್ತಾರಲ್ಲ, ಅವರ ಕೈಯಲ್ಲಿ ಕೊಟ್ಟರೆ ಸಂಜೆಯೊಳಗೆ ಕಮಲಾಪುರಕ್ಕೆ ಮುಟ್ಟುತ್ತದೆ. ಅವರಿಗೂ ಹೇಳಿದ್ದೇನೆ.

ಕೋಣೆ ಸಿಕ್ಕಿತು. ಸರಸ್ವತೀಬಾಯಿ ಎಂಬವರ ಮನೆಯ ಮೇಲಿನದು. ಅವರು ಮಗನ ಜೊತೆ ಮರಾಠಿ, ನನ್ನ ಜೊತೆ ಕನ್ನಡ, ತುಳಸಿಕಟ್ಟೆಯ ಮುಂದೆ ಎರಡನ್ನೂ ಬೆರೆಸಿ ಮಾತಾಡುತ್ತಾರೆ. ಹೆಸರು ಕೇಳಿದರು. ಮಾಯಾ ಅಂದೆ. ಅಡ್ಡಹೆಸರನ್ನೂ ಕೇಳುತ್ತಾರೆ ಅಂದುಕೊಂಡು ಕಾದೆ. ನೀರು ಬೆಳಿಗ್ಗೆ ಆರಕ್ಕೆ ಬರುತ್ತದೆ ಅಂದರು.

ಧಾರಾವಾಹಿ ಬರೆಯುವುದಕ್ಕೂ ಕೋರ್ಸು ಇದೆಯೇನು ಅಂತ ನೀನು ಪಾಟಿಯ ಮೇಲೆ ಬರೆದು ಕೇಳಿದ್ದೆ. ಇದೆ, ಅಪ್ಪಾ. ನಾವು ಆರು ಜನ. ಕಲಿಸುವವರು ಮಂಜುಷಾ ಮೇಡಂ, ಹದಿನೈದು ವರ್ಷ ಸೀರಿಯಲ್ ಬರೆದವರು. ಒಂದು ಉದ್ದ ಮೇಜು, ಸುತ್ತ ಆರು ಕುರ್ಚಿ, ಗೋಡೆಗೆ ಒಂದು ಬೋರ್ಡು. ಇದಕ್ಕೆ ರೂಮು ಅನ್ನುತ್ತಾರೆ. ಧಾರಾವಾಹಿಯನ್ನು ಒಬ್ಬರೇ ಕೂತು ಬರೆಯುವುದಿಲ್ಲವಂತೆ. ಎಲ್ಲರೂ ಬಾಯಿಗೆ ಬಂದದ್ದು ಹೇಳಬೇಕು, ಹಿಡಿಸಿದ್ದನ್ನು ಚೀಟಿಯ ಮೇಲೆ ಬರೆದು ಬೋರ್ಡಿಗೆ ಚುಚ್ಚಬೇಕು. ಚೀಟಿಗಳ ಸಾಲು ಬೆಳೆದರೆ ಕಥೆ ಬೆಳೆಯಿತು.

ಇದಕ್ಕೂ ಮುಂಚೆ ಎರಡು ವರ್ಷ ಕನ್ನಡ ಎಂ.ಎ.ಯಲ್ಲಿ ನಾನು ಲೈಬ್ರರಿಯ ಕಿಟಕಿಯ ಪಕ್ಕ ಒಬ್ಬಳೇ ಕೂತು ಓದಿದವಳು. ಇಲ್ಲಿ ಮೊದಲ ವಾರದಲ್ಲಿ ನನ್ನ ಬಾಯಿಂದ ಬಂದದ್ದು ನನ್ನ ಹೆಸರು ಮಾತ್ರ. ಅದನ್ನೂ ಮೇಡಂ ಎರಡು ಸಲ ಕೇಳಬೇಕಾಯಿತು.

ಊಟ ಸರಿಯಾಗಿದೆ. ಚಿಂತಿ ಮಾಡಬೇಡ.

ನಿನ್ನ
ಮಾಯಾ

*

ಕಮಲಾಪುರ
೧೪ ಆಗಸ್ಟ್

ಮಾಯವ್ವಾ, ಜೈಭೀಮ್.

ಪತ್ರ ಮುಟ್ಟಿತು. ಎರಡ ಸಲ ಓದ್ದೆ. ನೀ ಕಾಲೇಜಿನ ಕನ್ನಡದಾಗ ಬರೀತಿ, ನಾ ಮಾತಾಡಿದಂಗ ಬರೀತೀನಿ. ಏಳನೇತ್ತಕ್ಕ ಸಾಲಿ ಬಿಟ್ಟವನ ಕೈಯಾಗ ಇಷ್ಟೇ ಬರೂದು, ನಗಬ್ಯಾಡ.

ಗೋದಾಮಿಗಿ ಈಗ ಕೆಂಪ ಬಾಳಿ ಭಾಳ ಬರಾಕತ್ತಾವ. ಕಾಯಿ ಹಣ್ಣ ಮಾಡೂ ಕ್ವಾಣ್ಯಾಗ ಮಾತು ಬೇಕಾಗಂಗಿಲ್ಲ, ಬಣ್ಣ ನೋಡ್ಕೋತ ಇರೂದು. ಅದಕ್ಕೇ ಮಾಲಕರು ಆ ಕೆಲಸ ನನಗ ಕೊಟ್ಟಾರ. ನಂದೂರದ ಬ್ಯಾಳಿ ಮಿಲ್ಲಿನ್ಯಾಗ ಹತ್ತೊಂಬತ್ತ ವರ್ಷ ಗದ್ದಲದಾಗ ನಿಂತು ಕಿವಿ ಕೊಟ್ಟು ಬಂದೆ. ಇಲ್ಲಿ ಗದ್ದಲ ಇಲ್ಲಂತ, ಮಂದಿ ಅಂತಾರ. ನನಗೇನ ಫರಕ ಗೊತ್ತಾಗ್ತದ.

ಚಂಜಿ ಏಳೂವರಿಗಿ ಹಾಜಿರಾ ಬರ್ತಾಳ. ಗಂಡ ಲಾಲ್ ಅಹ್ಮದಗ ಅವರ ಮನೀ ಟಿವಿ ರಿಪೇರಿ ಮಾಡ್ಸಾಕ ಫುರಸತ್ತಿಲ್ಲ. ಆಕಿ ಕಡಿ ಕಿವಿ ಅವ, ನನ್ನ ಕಡಿ ಟಿವಿ ಅದ. ಹೊಸ್ತಲದಾಗ ಕೂತು ಹಿಟ್ಟು ನಾದಕೋತ ಕೇಳ್ತಾಳ, ತಲಿ ಎತ್ತಿ ನೋಡೂದು ಕಡಿಮಿ. ನಾ ನೋಡ್ತೀನಿ. ಹೋದ ವಾರ ಆ ಸೀರಿಯಲ್ಲಿನ ಹಿರೇ ಸೊಸಿ ಸುಳ್ಳು ಹೇಳಾಕತ್ತಾಳ ಅಂದೆ. ಹಾಜಿರಾ ಇಲ್ಲ ಅಂತ ಕೈ ಮಾಡಿದಳು. ಮೂರ ದಿನಕ್ಕ ಸುಳ್ಳು ಹೊರಗ ಬಿತ್ತು. ಹ್ಯಾಂಗ ಗೊತ್ತಾತು ಮಾಮು ಅಂತ ಸನ್ನಿ ಮಾಡಿದಳು. ಆ ಸೊಸಿ ಖರೇ ಹೇಳೂ ಮುಂದ ಸೆರಗ ಮುಟ್ಟಂಗಿಲ್ಲ, ಅಷ್ಟೇ.

ನಿಮ್ಮವ್ವ ಹೋದ ಮ್ಯಾಲ ನೀನೂ ನಾನೂ ಇಬ್ಬರೇ ಇದ್ದೆವು. ಈಗ ಪಾಟಿ ಗ್ವಾಡಿಗಿ ತೂಗು ಹಾಕೀನಿ.

ಟ್ರಂಕಿನ್ಯಾಗ ಬಾಬಾಸಾಹೇಬರ ಫೋಟೊ ಇಟ್ಟಿದ್ದೆ. ಗ್ವಾಡಿಗಿ ಹಾಕಿದೇನು?

ನಿಮ್ಮಪ್ಪ
ದತ್ತಪ್ಪ

*

ಗಾಜಿಪುರ
೨೨ ಸೆಪ್ಟೆಂಬರ್

ಅಪ್ಪಾ, ಜೈಭೀಮ್.

ತಡವಾಯಿತು. ಮೊದಲ ಎಪಿಸೋಡು ಬರೆದು ಕೊಡಬೇಕಿತ್ತು. ಅದರ ಒಂದು ಪ್ರತಿ ಈ ಪತ್ರದ ಜೊತೆ ಇದೆ, ಓದಿ ಹೇಳು.

ಮೇಡಂ ಹೇಳಿದ ಒಂದು ಮಾತು ನಿನಗೆ ನಗು ತರಿಸಬಹುದು. ಸೀರಿಯಲ್ಲನ್ನು ಯಾರೂ ನೋಡುವುದಿಲ್ಲ, ಕೇಳುತ್ತಾರೆ. ಕೈ ಒಲೆಯ ಮೇಲೆ, ಕಣ್ಣು ಕೈಯ ಮೇಲೆ, ಕಿವಿ ಮಾತ್ರ ಟಿವಿಯ ಮೇಲೆ. ಹಾಗಾಗಿ ಸಿಟ್ಟು ಬಂದವನು ಸಿಟ್ಟು ಬಂದಿದೆ ಅಂತ ಬಾಯಿ ಬಿಟ್ಟು ಹೇಳಬೇಕು, ಬಾಗಿಲಿಗೆ ಬಂದವರ ಹೆಸರು ಹಿಡಿದು ಕರೆಯಬೇಕು. ನನಗೆ ಹಾಜಿರಾ ಅತ್ತೆಯ ನೆನಪಾಯಿತು. ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಮಾತು ಬೇರೆ ಕಡೆ ಹೋಗಿತ್ತು. ಇಲ್ಲಿ ಮಾತಿನ ಮಧ್ಯೆ ಸಂದು ನೋಡಿ ನುಗ್ಗಬೇಕು, ಸೂಪರ್ ಮಾರ್ಕೆಟ್‌ನಲ್ಲಿ ಆಟೋಗಳ ನಡುವೆ ದಾಟಿದ ಹಾಗೆ. ನಾನು ಈ ದಂಡೆಯಲ್ಲೇ ನಿಂತಿರುತ್ತೇನೆ.

ರೂಮಿನಲ್ಲಿ ಸುಮಂತ ಎಂಬವನು ಎಲ್ಲರಿಗಿಂತ ಹೆಚ್ಚು ಮಾತಾಡುತ್ತಾನೆ. ಅವನ ಚೀಟಿಗಳೇ ಬೋರ್ಡಿನ ಅರ್ಧ. ಗುಫ್ರಾನ್ ಎಂಬವನು ಎಲ್ಲರಂತೆ ನಡೆದು ತೋರಿಸುತ್ತಾನೆ, ಮೇಡಂ ಕನ್ನಡಕ ಒರೆಸುವುದನ್ನೂ. ನನ್ನ ಚೀಟಿ ಇನ್ನೂ ಒಂದೂ ಇಲ್ಲ. ಮೇಡಂ ಬೈಯುವುದಿಲ್ಲ. ನನ್ನ ಸರದಿ ಬಂದಾಗ ಒಂದು ಗಳಿಗೆ ನೋಡಿ, ಇರಲಿ ಬಿಡು ಅನ್ನುತ್ತಾರೆ. ಮುಂದಿನವರ ಕಡೆ ತಿರುಗುತ್ತಾರೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಹಾ ತೆಗೆದುಕೊಂಡು ಪೂರ್ತಿ ಆರುವವರೆಗೆ ಇಟ್ಟುಕೊಂಡು ಕೂಡುತ್ತೇನೆ. ಕಪ್ಪು ಖಾಲಿಯಾದರೆ ಅಲ್ಲಿ ಕೂಡಲು ಕಾರಣ ಇರುವುದಿಲ್ಲ.

ನಿನ್ನ
ಮಾಯಾ

*

ಕಮಲಾಪುರ
೨ ಅಕ್ಟೋಬರ್

ಮಾಯವ್ವಾ,

ನಿನ್ನ ಎಪಿಸೋಡ್ ಓದ್ದೆ. ಅಕ್ಷರ ಛಲೋ ಬಿದ್ದಾವ.

ಬೇಸರ ಮಾಡ್ಕೋಬ್ಯಾಡ, ಒಂದ ಮಾತು ಹೇಳ್ತೀನಿ. ಎಲ್ಲಾರೂ ಮಾತಾಡ್ತಾರ. ಗಂಡ ಮಾತಾಡ್ತಾನ, ಹೆಂಡ್ತಿ ಮಾತಾಡ್ತಾಳ, ನೀರ ಕೇಳಾಕ ಬಂದವ ಸುದಾ ಒಂದ ಹಾಳಿ, ಒಂದ ಪೂರಾ ಪಾನು ಮಾತಾಡ್ತಾನ. ಇದು ಟಿವಿದಾಗ ಬಂದರ ನನಗೇನ ಕಾಣ್ತದ? ಹತ್ತ ಬಾಯಿ ಅಲ್ಲಾಡೂದು. ಹಾಜಿರಾಗ ಪೂರಾ ಸೀರಿಯಲ್ ಸಿಕ್ತು, ನನಗ ಏನೂ ಸಿಗಲಿಲ್ಲ.

ಏಳನೇ ಪಾನಿನ್ಯಾಗ ಆ ಹುಡುಗಿ ತಾಟಿನ್ಯಾಗಿನ ರೊಟ್ಟಿ ಮುರದು ಮುರದು ಬಾಯಿಗಿ ಹಾಕದಂಗ ಕುಂದರ್ತಾಳಲ್ಲ, ಅದೊಂದ ನನಗ ಕಾಣಸ್ತು. ಅಲ್ಲಿ ಆಕಿ ಏನೂ ಅನ್ನಂಗಿಲ್ಲ. ಆಕಿ ಯಾರು? ನೀನೇನು?

ಉಣ್ಣು.

ನಿಮ್ಮಪ್ಪ
ದತ್ತಪ್ಪ

*

ಗಾಜಿಪುರ
೧೦ ನವೆಂಬರ್

ಅಪ್ಪಾ, ಜೈಭೀಮ್.

ಒಂದು ಸುದ್ದಿ. ನನ್ನ ಚೀಟಿ ಬೋರ್ಡಿಗೆ ಏರಿತು. ಒಂದಲ್ಲ, ನಾಲ್ಕು. ರೂಮಿನಲ್ಲಿ ಎಲ್ಲರೂ ನಕ್ಕರು, ನಾನು ಹೇಳಿದ್ದಕ್ಕೆ. ಮೇಡಂ ಕೂಡ. ಗುಫ್ರಾನ್ ಎದ್ದು ಬಂದು ನನ್ನ ಜೊತೆ ಚಹಾ ಕುಡಿದ.

ಹೇಳಿದ್ದು ವಿಶೇಷವೇನಲ್ಲ, ಊರಿನ ಒಂದು ಸಣ್ಣ ಸಂಗತಿ.

ಚಳಿ ಶುರುವಾಗಿದೆ, ಸ್ವೆಟರ್ ಹಾಕಿಕೋ.

ಮಾಯಾ

*

(ಅದೇ ದಿನ ಬರೆದದ್ದು. ಕಳಿಸಲಿಲ್ಲ.)

ಅಪ್ಪಾ,

ನಿನ್ನ ಮೀಸೆಯ ಕಥೆ ಹೇಳಿದೆ.

ಸರದಿ ನನ್ನದಿತ್ತು. ನಗು ಬರಿಸುವ ಒಂದು ಪಾತ್ರ ಬೇಕಾಗಿತ್ತು. ಮೇಡಂ ಆಗಲೇ ಮುಂದಿನವರ ಕಡೆ ತಿರುಗುತ್ತಿದ್ದರು. ನಮ್ಮೂರಲ್ಲಿ ಒಬ್ಬ ಕಾಕಾ ಇದ್ದಾರೆ ಅಂದೆ. ಕಿವಿ ಕೇಳುವುದಿಲ್ಲ, ಯಾರು ಏನು ಕೇಳಿದರೂ ಹ್ಞೂಂ ಅಂತ ತಲೆಯಾಡಿಸುತ್ತಾರೆ. ಒಂದು ಸಲ ಕಟಿಂಗ್ ಅಂಗಡಿಯವನು ಮೀಸಿ ತೆಗೀಲೇನ್ರಿ ಅಂದ. ಹ್ಞೂಂ ಅಂದರು. ಮೀಸೆ ಹೋಯಿತು. ಮನೆಗೆ ಬಂದಾಗ ಮಗಳಿಗೆ ಗುರುತು ಸಿಗಲಿಲ್ಲ.

ಮಗಳು ಅಂದೆ, ನಾನು ಅನ್ನಲಿಲ್ಲ.

ಮೇಜಿನ ಸುತ್ತ ನಗು ಎದ್ದಿತು. ಗುಫ್ರಾನ್ ಅಲ್ಲೇ ಕಣ್ಣರಳಿಸಿ ತಲೆಯಾಡಿಸಿ ತೋರಿಸಿದ. ಮತ್ತೇನು, ಮತ್ತೇನು ಅಂದರು. ಅಪ್ಪಾ, ನನ್ನನ್ನು ಯಾರಾದರೂ ಮತ್ತೇನು ಅಂತ ಕೇಳಿದ್ದು ನೆನಪಿಲ್ಲ. ಮತ್ತೂ ಮೂರು ಹೇಳಿದೆ. ಸುಮಂತ ಹೆಸರಿಟ್ಟ: ಹ್ಞೂಂ ಕಾಕಾ.

ರೂಮಿನ ನಿಯಮ ಒಂದಿದೆ. ಇಲ್ಲಿ ಬಾಯಿಂದ ಬಂದದ್ದು ರೂಮಿನದು, ಹೇಳಿದವರದಲ್ಲ. ಚೀಟಿ ಬೋರ್ಡಿಗೆ ಏರಿದ ಮೇಲೆ ವಾಪಸು ಕೇಳುವಂತಿಲ್ಲ. ಅದು ಗೊತ್ತಿದ್ದೂ ಹೇಳಿದೆ.

*

ಕಮಲಾಪುರ
೮ ಡಿಸೆಂಬರ್

ಮಾಯವ್ವಾ, ಜೈಭೀಮ್.

ಆರನೇ ತಾರೀಖಿಗಿ, ಬಾಬಾಸಾಹೇಬರ ಪರಿನಿರ್ವಾಣದ ದಿನ, ಬುದ್ಧವಿಹಾರದಾಗ ಮೇಣಬತ್ತಿ ಹಚ್ಚಿ ಬಂದೆ. ನಿನ್ನ ಹೆಸರಿಲೆ ಒಂದ ಹಚ್ಚೀನಿ. ಫೋಟೊದ ಮಾತು ನೀ ಬರಿಲೇ ಇಲ್ಲ.

ಲಾಲ್ ಅಹ್ಮದ ಪಾಟಿ ಮ್ಯಾಲ ಉಲ್ಟಾ ಸೀದಾ ಬರದು ಒಂದ ಸುದ್ದಿ ಹೇಳ್ದ. ಜನವರಿದಾಗ ನೀವು ಮಾಡಿದ ಎಪಿಸೋಡ್ ಪರದೆ ಮ್ಯಾಲ ತೋರಸ್ತೀರಂತ, ಮನೀ ಮಂದಿನೆಲ್ಲ ಕರೀತಾರಂತ. ನೀನೇ ಅವಗ ಅಂದಿದ್ದೆಂತ. ನನಗ ಬರಿಲಿಲ್ಲ.

ಬಿಳಿ ಅಂಗಿ ಇಸ್ತ್ರಿಗಿ ಕೊಡಲೇನು?

ನಿಮ್ಮಪ್ಪ
ದತ್ತಪ್ಪ

*

ಗಾಜಿಪುರ
೧೬ ಡಿಸೆಂಬರ್

ಅಪ್ಪಾ,

ಬರುವುದು ಬೇಡ. ಸಣ್ಣ ಕಾರ್ಯಕ್ರಮ. ಅಲ್ಲದೆ ನೀನೇ ಅಂದಿದ್ದೆಯಲ್ಲ, ನನ್ನ ಎಪಿಸೋಡಿನಲ್ಲಿ ಬರೀ ಮಾತು ಅಂತ. ಇದೂ ಹಾಗೆಯೇ. ನಿನಗೆ ಏನೂ ತಿಳಿಯುವುದಿಲ್ಲ, ಸುಮ್ಮನೆ ಬೇಸರ. ಗೋದಾಮಿನ ಒಂದು ದಿನ ಹಾಳು.

ನಾನೇ ಬರುತ್ತೇನೆ.

ಮಾಯಾ

*

ಗಾಜಿಪುರ
೧೯ ಜನವರಿ ೨೦೨೫

ಅಪ್ಪಾ,

ನಿನ್ನೆ ನೀನು ಬಂದದ್ದು ನನಗೆ ಗೊತ್ತಾದದ್ದು ಎಪಿಸೋಡು ಅರ್ಧ ಆದ ಮೇಲೆ.

ಪರದೆಯ ಮೇಲೆ ಗುಫ್ರಾನ್ ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದ, ಅಂಟಿಸಿದ ಮೀಸೆ ಹಾಕಿಕೊಂಡು. ಅಂಗಡಿಯವನು ಕೇಳಿದ. ಗುಫ್ರಾನ್ ಕಣ್ಣರಳಿಸಿ ಮೂರು ಸಲ ತಲೆಯಾಡಿಸಿದ. ಕಾಲೇಜಿನ ಹಾಲ್ ತುಂಬ ನಗು. ಯಾರು ಯಾರು ನಗುತ್ತಾರೆ ನೋಡೋಣ ಅಂತ ನಾನು ಹಿಂದಕ್ಕೆ ತಿರುಗಿದೆ. ಕೊನೆಯ ಸಾಲಿನಲ್ಲಿ ಬಿಳಿ ಅಂಗಿ. ತೊಡೆಯ ಮೇಲೆ ಕೆಂಪು ಬಾಳೆಹಣ್ಣಿನ ಚಿಪ್ಪು, ಪೇಪರಿನಲ್ಲಿ ಸುತ್ತಿದ್ದು. ನಿನ್ನ ಎಡಗೈ ನಿನ್ನ ಮೀಸೆಯ ಮೇಲಿತ್ತು.

ಕಿವಿ ಕೇಳದವನಿಗೆ ಇದು ತಿಳಿಯುವುದಿಲ್ಲ ಅಂತ ನಾನು ನಂಬಿದ್ದೆ. ಸೆರಗು ಮುಟ್ಟುವುದನ್ನು ನೋಡಿ ಸುಳ್ಳು ಹಿಡಿಯುವವನ ವಿಷಯದಲ್ಲಿ ಹಾಗೆ ನಂಬಿದ್ದೆ.

ಮುಗಿದ ಮೇಲೆ ನೀನು ಎಲ್ಲರಿಗೂ ಹಣ್ಣು ಹಂಚಿದೆ. ಸುಮಂತನಿಗೆ ನೀನು ಯಾರೆಂದು ಗೊತ್ತಿರಲಿಲ್ಲ. ಹಣ್ಣು ತೆಗೆದುಕೊಳ್ಳುತ್ತಾ ಕೇಳಿದ:

"ಹ್ಯಾಂಗಿತ್ರಿ ಕಾಕಾ?"

ನೀನು ತಲೆಯಾಡಿಸಿದೆ. ಹ್ಞೂಂ ಅಂದೆ.

ಅವನ ಮುಖದ ನಗು ಅಲ್ಲೇ ನಿಂತುಬಿಟ್ಟಿತು. ಗುಫ್ರಾನ್ ಸುಲಿದ ಹಣ್ಣನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ. ಸುಮಂತ ನನ್ನ ಕಡೆ ತಿರುಗಿ ಮೆಲ್ಲಗೆ, "ನಿಮ್ಮ ತಂದೆಯೇನು?" ಅಂದ. ನಾನು ಹೌದು ಅನ್ನುವುದಕ್ಕೆ ಎಷ್ಟು ಹೊತ್ತು ತೆಗೆದುಕೊಂಡೆ ಎಂಬುದನ್ನು ನೀನು ನೋಡಿದೆ. ಎಲ್ಲರಿಗಿಂತ ಸರಿಯಾಗಿ ನೀನೇ ನೋಡಿದೆ.

ಲಾಲ್ ಅಹ್ಮದ್ ಮಾಮಾ ಹೊರಗೆ ಹಾರ್ನ್ ಹಾಕುತ್ತಿದ್ದರು. ನನಗೆ ಅಂತ ಉಳಿಸಿದ ಎರಡು ಹಣ್ಣು ನನ್ನ ಕೈಯಲ್ಲಿಟ್ಟು ನೀನು ಹೊರಟುಹೋದೆ. ಪಾಟಿ ಇರಲಿಲ್ಲ, ಪೆನ್ನು ಇತ್ತು, ನನ್ನ ಕೈಯಲ್ಲೇ ಇತ್ತು.

ಬರಿ ಅಪ್ಪಾ. ಬೈದಾದರೂ ಬರಿ.

ಮಾಯಾ

*

ಗಾಜಿಪುರ
೧೬ ಫೆಬ್ರವರಿ

ಅಪ್ಪಾ,

ಇದು ನಾಲ್ಕನೇ ಪತ್ರ. ಲಾಲ್ ಅಹ್ಮದ್ ಮಾಮಾ ಸೂಪರ್ ಮಾರ್ಕೆಟ್‌ನಲ್ಲಿ ನನ್ನನ್ನು ಕಂಡ ಕೂಡಲೇ ಖಾಲಿ ಕೈ ಅಲ್ಲಾಡಿಸುತ್ತಾರೆ. ದತ್ತಪ್ಪ ಛಲೋ ಹಾನ, ಉಣ್ತಾನ, ಕೆಲಸಕ್ಕ ಹೋಗ್ತಾನ ಅನ್ನುತ್ತಾರೆ. ನೀನು ಸೀರಿಯಲ್ ನೋಡುತ್ತೀಯೇನು ಅಂತ ಅವರನ್ನು ಕೇಳಿದೆ. ಹಾಜಿರಾ ಅತ್ತೆ ಎರಡು ಸಲ ಬಂದು ನೋಡಿ, ಟಿವಿ ಬಂದ್ ಇತ್ತೆಂದು ತಿರುಗಿ ಹೋದರಂತೆ.

ಕಳೆದ ಭಾನುವಾರ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಹುಮನಾಬಾದ್ ಬಸ್ಸು ಎರಡು ಬಿಟ್ಟೆ. ಮೂರನೆಯದು ಹತ್ತಿದೆ. ಒಂದು ತಾಸಿನ ದಾರಿಗೆ ಆರು ತಿಂಗಳು ಬಾರದೆ ಇದ್ದವಳು ಬಂದಾಗ ನೀನು ಗೋದಾಮಿನಲ್ಲಿದ್ದೆ. ಕೀಲಿ ಹಾಜಿರಾ ಅತ್ತೆ ಕೊಟ್ಟರು. ಚಹಾ ಮಾಡಿಕೊಟ್ಟರು. ಗೋದಾಮಿಗೆ ಬರೋಣವೆಂದು ಊರಬಾಗಿಲು ಅಗಸಿಯವರೆಗೆ ನಡೆದೆ. ಅಲ್ಲಿಂದ ತಿರುಗಿದೆ. ನಿನ್ನ ಎದುರು ನಿಂತರೆ ನೀನು ತಲೆಯಾಡಿಸಿ ಹ್ಞೂಂ ಅಂದುಬಿಡುತ್ತೀ ಎಂದು ಹೆದರಿಕೆಯಾಯಿತು.

ಪಾಟಿಯ ಮೇಲೆ ಬರೆದು ಬಂದಿದ್ದೇನೆ. ನೋಡಿರುತ್ತೀ.

ಮಾಯಾ

*

ಕಮಲಾಪುರ
೨೮ ಫೆಬ್ರವರಿ

ಮಾಯಾ,

ನಾಲ್ಕೂ ಪತ್ರ ಮುಟ್ಟ್ಯಾವ. ಬರ್ಯಾಕ ಕೂತರ ಕೈ ಬರ್ತಿರಲಿಲ್ಲ.

ಆ ಹುಡುಗ ನನ್ನಂಗ ಛಲೋ ಮಾಡ್ಯಾನ. ಖರೇನ ಹೇಳ್ತೀನಿ. ಕುತಗಿ ಮುಂದಕ ಹಾಕೂದು ಸುದಾ ಹಿಡದಾನ. ಅದು ಅವ ನನ್ನ ನೋಡಿ ಕಲತದ್ದಲ್ಲ, ನೀ ತೋರಿಸಿದ್ದು.

ನಾ ಯಾಕ ಗೋಣ ಹಾಕ್ತೀನಿ ಅಂತ ನೀ ಎಂದೂ ಕೇಳಿಲ್ಲ. ಈಗ ಹೇಳ್ತೀನಿ. ಕಿವಿ ಹೋದ ಹೊಸದಾಗ ಇನ್ನೊಮ್ಮೆ ಹೇಳ್ರಿ ಅಂತಿದ್ದೆ. ಮಂದಿ ಒಮ್ಮೆ ಹೇಳ್ತಾರ, ಎರಡ ಸಲ ಹೇಳ್ತಾರ. ಮೂರನೇ ಸಲಕ್ಕ ಮಾರಿ ಒಂಥರಾ ಮಾಡಿ ಇರಲಿ ಬಿಡು ಅಂತಾರ. ಮತ್ತೇನೂ ತಿಳೀಲಿಲ್ಲಂದ್ರೂ ಆ ಇರಲಿ ಬಿಡು ನನಗ ತಿಳೀತದ. ಅದು ಕಣ್ಣಿಗಿ ಕೇಳ್ತದ. ಅದನ್ನ ನೋಡಬಾರದಂತ ಮೊದಲನೇ ಸಲಕ್ಕ ಗೋಣ ಹಾಕೂದು ಕಲತೆ. ಮಂದಿ ಖುಷಿಲೆ ಹೋಗ್ತಾರ. ಅವರು ನನ್ನ ಬಿಟ್ಟು ಹೋಗೂ ಮೊದಲ ನಾನೇ ಅವರನ್ನ ಬಿಡ್ತೀನಿ.

ಇನ್ನ ಮೀಸಿ. ನಿಮ್ಮಜ್ಜ ಮೀಸಿ ಇಟ್ಟಿರಲಿಲ್ಲ. ಅವರ ಕಾಲದಾಗ ನಮ್ಮವರು ಇಡೂ ಹಂಗ ಇರಲಿಲ್ಲ, ಇಟ್ಟರ ಕೇಳವರು ಇದ್ದರು. ಮಿಲ್ಲಿಗಿ ಸೇರಿದ ವರ್ಷ ನಾ ಮೀಸಿ ಬಿಟ್ಟೆ. ನಿಮ್ಮವ್ವ ಶೇವಂತಾ ಕನ್ನಡಿ ಹಿಡದು ನಿಂತಿದ್ದಳು. ಇಪ್ಪತ್ತೆರಡ ವರ್ಷ ಇದ್ದದ್ದು ಒಂದ ಹ್ಞೂಂದಾಗ ಹೋತು. ಸಾಬೂನ ಹಚ್ಚಿದ ಮ್ಯಾಲ ನನಗ ಗೊತ್ತಾಗಿತ್ತು. ಬ್ಯಾಡ ಅನ್ನಬೇಕಿತ್ತು. ಬಾಕಿನ ಮ್ಯಾಲ ನಾಕ ಮಂದಿ ಕೂತಿದ್ದರು, ಅವರೆಲ್ಲ ನಗ್ತಾರಂತ ಸುಮ್ಮನಾದೆ. ಮನಿಗಿ ಬಂದೆ. ನೀ ನಕ್ಕಿ. ನಿಮ್ಮವ್ವ ಹೋದ ಮ್ಯಾಲ ನೀ ಹಂಗ ನಕ್ಕಿದ್ದು ಅದೇ ಮೊದಲ. ಅದಕ್ಕ ನಾನೂ ನಕ್ಕೆ.

ಅದು ಮನೀ ನಗು ಇತ್ತು, ಮಾಯಾ.

ದತ್ತಪ್ಪ

*

ಗಾಜಿಪುರ
೩೦ ಮಾರ್ಚ್

ಅಪ್ಪಾ, ಜೈಭೀಮ್.

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆ ಅಂತ ಬರೆಯುವುದಿಲ್ಲ.

ರೂಮಿನಲ್ಲಿ ಕೈ ಎತ್ತಿ, ಹ್ಞೂಂ ಕಾಕಾನ ಚೀಟಿಗಳನ್ನು ತೆಗೆಯಬೇಕು ಅಂದೆ. ಯಾರೂ ಎರಡನೇ ಸಲ ಕೇಳಬೇಕಾಗಲಿಲ್ಲ. ಸುಮಂತ ನಿಯಮ ನೆನಪಿಸಿದ. ರೂಮಿಗೆ ಬಂದದ್ದು ರೂಮಿನದು. ಅವನು ಕೆಟ್ಟವನಲ್ಲ ಅಪ್ಪಾ, ಅವನ ಚಿಂತೆ ಬೇರೆ. ಮೇ ಐದಕ್ಕೆ ಚಾನೆಲ್‌ನವರು ಬರುತ್ತಾರೆ, ನಮ್ಮ ಧಾರಾವಾಹಿ ಕೊಳ್ಳುವುದೋ ಬಿಡುವುದೋ ನೋಡಲು. ಜನವರಿಯ ಎಪಿಸೋಡು ಅವರಿಗೆ ಹಿಡಿಸಿದ್ದೇ ಹ್ಞೂಂ ಕಾಕಾನಿಂದ. ಅವನಿಲ್ಲದಿದ್ದರೆ ಬೇಡ ಅನ್ನಬಹುದು. ಬೇಕು ಅಂದರೆ ಆರೂ ಜನಕ್ಕೆ ಕೆಲಸ, ನನಗೂ. ಬೇಡ ಅಂದರೆ ಬರೀ ಸರ್ಟಿಫಿಕೇಟು.

ಮೇಡಂ ಕನ್ನಡಕ ಒರೆಸಿಕೊಂಡರು. ನಿಯಮ ನನ್ನದೇ, ಮುರಿಯುವುದಿಲ್ಲ ಅಂದರು. ಆದರೆ ಒಂದು ಚೀಟಿಯ ಜಾಗಕ್ಕೆ ಅದಕ್ಕಿಂತ ಒಳ್ಳೆಯ ಚೀಟಿ ತಂದರೆ ರೂಮು ಒಪ್ಪಬಹುದು. ಬರೆದು ತಾ ಅಂದರು.

ಬರೆದೆ. ಅದೇ ಕಟಿಂಗ್ ಅಂಗಡಿ, ಆದರೆ ಈ ಸಲ ನಾವು ಕುರ್ಚಿಯಲ್ಲಿ ಕೂತವನ ಒಳಗಿದ್ದೇವೆ. ಅವನು ಬಾಗಿಲು ದಾಟಿದ ಕೂಡಲೇ ನೋಡುವವರ ಟಿವಿಯ ಸದ್ದು ನಿಲ್ಲುತ್ತದೆ. ಕನ್ನಡಿಯಲ್ಲಿ ಅಂಗಡಿಯವನ ಬಾಯಿ ಅಲ್ಲಾಡುತ್ತದೆ. ಬಾಕಿನ ಮೇಲೆ ನಾಲ್ಕು ಜನ. ಅವನು ತಲೆಯಾಡಿಸುತ್ತಾನೆ. ಸಾಬೂನು. ಕತ್ತಿ. ಮನೆ. ಮಗಳು ನಗುತ್ತಾಳೆ, ಅವನೂ ನಗುತ್ತಾನೆ. ಎಂಟು ನಿಮಿಷ, ಒಂದೂ ಮಾತಿಲ್ಲ.

ಗುಫ್ರಾನ್ ಓದಿ ಮೊದಲು ಕೈ ಎತ್ತಿದ. ಸುಮಂತ ಎರಡು ದಿನ ಬಿಟ್ಟು ಬಂದು, ಒಲೆಯ ಮುಂದೆ ಇದ್ದವರು ಟಿವಿ ಕೆಟ್ಟಿತು ಅಂತ ತಿರುಗಿ ನೋಡುತ್ತಾರೆ ಅಂದ. ಆಮೇಲೆ, ತಿರುಗಿ ನೋಡಲಿ ಬಿಡು ಅಂತ ಅವನೇ ಅಂದು ಕೈ ಎತ್ತಿದ.

ಆದರೆ ಇದು ನಿನ್ನದು. ಈ ಸಲ ಕೇಳದೆ ಕೊಡುವುದಿಲ್ಲ. ಪುಟಗಳು ಇದರ ಜೊತೆ ಇವೆ. ನೀನು ಬೇಡ ಅಂದರೆ ಹರಿದು ಒಲೆಗೆ ಹಾಕು, ನಾನು ಬೇರೆ ಬರೆಯುತ್ತೇನೆ. ಹ್ಞೂಂ ಅಂದರೆ ಮಾತ್ರ ಸಾಲದು. ಬರೆದು ಹೇಳು.

ಫೋಟೊ ಕೇಳಿದ್ದೆ ನೀನು, ಆಗಸ್ಟಿನಲ್ಲಿ. ಇಷ್ಟು ದಿನ ಟ್ರಂಕಿನಲ್ಲಿ ಬಟ್ಟೆಯ ಕೆಳಗಿತ್ತು. ಹೋದ ವಾರ ಗೋಡೆಗೆ ಹಾಕಿದೆ. ಮೊಳೆಯ ಸದ್ದಿಗೆ ಸರಸ್ವತೀಬಾಯಿ ಮೇಲೆ ಬಂದರು. ಫೋಟೊ ನೋಡಿದರು, ನನ್ನನ್ನು ನೋಡಿದರು. ಗೋಡೆ ಟೊಳ್ಳು, ಎರಡು ಮೊಳೆ ಹೊಡಿ ಅಂದು ಇಳಿದು ಹೋದರು. ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ನೀರು ಬಂತು ಅಂತ ಕೆಳಗಿನಿಂದ ಕೂಗಿದರು.

ನಿನ್ನ
ಮಾಯಾ

*

ಕಮಲಾಪುರ
೧೬ ಏಪ್ರಿಲ್

ಮಾಯವ್ವಾ, ಜೈಭೀಮ್.

ಬಾಬಾಸಾಹೇಬರ ಜಯಂತಿ ಛಲೋ ಆತು. ಬಿಳಿ ಅಂಗಿ ಹಾಕ್ಕೊಂಡಿದ್ದೆ.

ನಿನ್ನ ಪಾನು ಹರದಿಲ್ಲ. ಗೋದಾಮಿಗಿ ಒಯ್ದು ಹಣ್ಣಿನ ಕ್ವಾಣ್ಯಾಗ ಕೂತು ಓದ್ದೆ. ಕೆಂಪ ಪೆನ್ನಿಲೆ ಮೂರ ಕಡಿ ಗುರುತ ಹಾಕೀನಿ, ನೋಡು.

ಒಂದು. ಕುರ್ಚ್ಯಾಗ ಕೂತವ ಅಂಗಡ್ಯವನ ಬಾಯಿ ನೋಡ್ತಾನ ಅಂತ ಬರದಿ. ನೋಡಂಗಿಲ್ಲ. ಬಾಯಿ ನೋಡಿದರ ತಿಳಿಯಂಗಿಲ್ಲಂತ ಅವಗ ಗೊತ್ತದ. ಕೈ ನೋಡ್ತಾನ, ಕೈಯಾಗ ಏನ ಹಿಡದಾನ ಅಂತ.

ಎರಡು. ಗೋಣ ಮೂರ ಸಲ ಹಾಕಂಗಿಲ್ಲ. ಒಂದೇ ಸಲ, ಸಾವಕಾಶ.

ಮೂರು. ಮಗಳು ನಗೂದು ಬರದ ಮ್ಯಾಲ ನಿಲ್ಲಿಸಿಬಿಟ್ಟಿ. ಆಕಿ ನಕ್ಕ ಮ್ಯಾಲ ಅವ ಬಚ್ಚಲಕ್ಕ ಹೋಗಿ ಕನ್ನಡ್ಯಾಗ ಮಾರಿ ನೋಡ್ಕೋತಾನ. ಅದು ನಿನಗ ಗೊತ್ತಿಲ್ಲ, ಕದ ಹಾಕಿತ್ತು. ಈಗ ಬರಿ.

ಚಾನೆಲ್‌ದವರು ಇದನ್ನ ತಗೊಳ್ಳಲಿಕ್ಕಿಲ್ಲ. ನನಗ ಹಂಗ ಅನಸ್ತದ. ಕೊಡು.

ಹಾಜಿರಾಗ ನಿನ್ನ ಎಂಟ ನಿಮಿಷ ಸನ್ನಿ ಮಾಡಿ ತೋರಿಸ್ದೆ. ಆಕಿ ಹಿಟ್ಟಿನ ಕೈ ಹಂಗೇ ಇಟ್ಟು ಪೂರಾ ನೋಡಿದಳು. ಟಿವಿ ಮತ್ತ ಚಾಲೂ ಮಾಡೀನಿ.

ಪಾಟಿ ಮ್ಯಾಲ ನೀ ಬರದು ಹೋದದ್ದು, "ಅವತ್ತು ಹಾಲ್‌ನಲ್ಲಿ ನಾನೂ ನಕ್ಕಿದ್ದೆ" ಅಂತ, ಅದನ್ನ ಒರಸಿಲ್ಲ. ಒರಸಾಕ ಕೈ ಬರಲಿಲ್ಲ, ಹಂಗೇ ಗ್ವಾಡಿಗಿ ಅದ. ಬಜಾರದಾಗ ಹೊಸಾ ಪಾಟಿ ತಂದೀನಿ. ಕಲ್ಲಿಂದು ಈಗ ಸಿಗಂಗಿಲ್ಲಂತ, ಪ್ಲಾಸ್ಟಿಕ್ಕಿನದು. ಅದರ ಮ್ಯಾಲ ಇನ್ನಾ ಯಾರೂ ಏನೂ ಬರದಿಲ್ಲ. ಐತವಾರ ಬಾ. ಮೊದಲ ನೀ ಬರಿ. ನನಗ ತಿಳೀಲಿಲ್ಲಂದ್ರ ಇನ್ನೊಮ್ಮೆ ಬರಿ ಅಂತೀನಿ.

ನಿಮ್ಮಪ್ಪ
ದತ್ತಪ್ಪ